ರೀಜನ್ ಹಿಡಿದು ಹಿಡಿದು ಬಿಡ್ತಿದೆಯಾ? ಕಂಟ್ರೋಲರ್ ಬಿಚ್ಚುವ ಮೊದಲು ಇಷ್ಟು ನೋಡಿ

ಎಲೆಕ್ಟ್ರಿಕ್‌ಗೆ ಬದಲಿಸಿಕೊಂಡ ಕಾರಿನಲ್ಲಿ ಮೋಟರ್‌ನಿಂದಲೇ ಬ್ರೇಕ್ ಹಿಡಿಸಿ ಕರೆಂಟನ್ನು ಬ್ಯಾಟರಿಗೆ ವಾಪಸ್ ಕಳಿಸೋದೇ ರೀಜನ್ (ರೀಜನರೇಟಿವ್ ಬ್ರೇಕಿಂಗ್). ಆಕ್ಸಿಲರೇಟರ್‌ನಿಂದ ಕಾಲು ತೆಗೆದ ತಕ್ಷಣ ಗಾಡಿ ಚೆನ್ನಾಗಿ ಹಿಡಿಯುತ್ತದೆ, ಆಮೇಲೆ ದಿಢೀರ್ ಅಂತ ಬಿಟ್ಟುಬಿಡುತ್ತದೆ. ಮೋಟರ್‌ನ ಕರೆಂಟನ್ನು ಹಿಡಿತದಲ್ಲಿಡುವ ಕಂಟ್ರೋಲರ್ ಮೇಲಿನ ದೀಪ ಮಿನುಗಲು ಶುರು ಮಾಡುತ್ತದೆ. ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡುತ್ತದೆ. ಹಳೇ ಮಾರುತಿ, ಜೆನ್, ಸ್ಯಾಂಟ್ರೋಗಳಿಂದ ಎಂಜಿನ್ ಇಳಿಸಿ ಮೋಟರ್ ಕೂರಿಸಿಕೊಂಡವರು ಇದನ್ನು ಒಂದಲ್ಲ ಒಂದು ದಿನ ನೋಡುತ್ತಾರೆ. ನೋಡಿದ ಕೂಡಲೇ ಬಾಯಿಂದ ಬರೋದು ಒಂದೇ ಮಾತು: ಕಂಟ್ರೋಲರ್ ಹೋಯ್ತು.

ಸಾಮಾನ್ಯವಾಗಿ ಹೋಗಿರಲ್ಲ. ಅದು ತನ್ನನ್ನು ಉಳಿಸಿಕೊಳ್ಳಲು ಕೈ ಎತ್ತಿರುತ್ತದೆ, ಅಷ್ಟೇ. ರೀಜನ್ ಆಗುವಾಗ ಮೋಟರ್ ಜನರೇಟರ್ ಆಗುತ್ತದೆ, ಕರೆಂಟ್ ಬ್ಯಾಟರಿ ಕಡೆಗೆ ವಾಪಸ್ ಹೋಗಬೇಕು. ಆ ದಾರಿ ಸಲೀಸಾಗಿ ಇಲ್ಲದಿದ್ದರೆ, ತೂಬು ಮುಚ್ಚಿದ ನಾಲೆಯಲ್ಲಿ ನೀರು ಏರುವಂತೆ, ಕಂಟ್ರೋಲರ್ ಒಳಗಿನ ಕೆಪಾಸಿಟರ್‌ಗಳಲ್ಲಿ ವೋಲ್ಟೇಜ್ ಏರುತ್ತಾ ಹೋಗುತ್ತದೆ. ಮಿತಿ ದಾಟಿದಾಗ ಕಂಟ್ರೋಲರ್ ರೀಜನ್ ನಿಲ್ಲಿಸುತ್ತದೆ. ನಿಲ್ಲಿಸದೇ ಇದ್ದರೆ ಒಳಗೆ ಕರೆಂಟನ್ನು ಸ್ವಿಚ್ ಮಾಡುವ ಮಾಸ್‌ಫೆಟ್‌ಗಳೇ ಸುಡುತ್ತವೆ. ಹಾಗಾಗಿ ಹುಡುಕಾಟವನ್ನು ಬ್ಯಾಟರಿ ಕಡೆಯಿಂದ ಶುರು ಮಾಡಿ. ಗಾಡಿ ಶೆಡ್ಡಿನಲ್ಲಿ ನಿಂತಿರುವಾಗ ಎಷ್ಟು ಅಳೆದರೂ ಈ ದೋಷ ಸಿಗಲ್ಲ. ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು.

ಮಾತಿಗೆ ಆಧಾರವಾಗಿ ಮಂಡ್ಯದ ನನ್ನ ಗೆಳೆಯನ ಜೆನ್ ಇಟ್ಟುಕೊಳ್ಳೋಣ. ಇಂಡಕ್ಷನ್ ಮೋಟರ್, ಗೇರ್‌ಬಾಕ್ಸ್ ಹಳೆಯದೇ. 100 ಆಂಪ್-ಅವರ್‌ನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ಗಳು 24, ಒಂದರ ಹಿಂದೆ ಒಂದು. ಎಲ್ಲರೂ ಇದನ್ನು 72 ವೋಲ್ಟ್ ಗಾಡಿ ಅಂತಾರೆ. ಸೆಲ್‌ಗೆ 3.2ರಂತೆ ಲೆಕ್ಕ ಹಾಕಿದರೆ ಅದು 76.8 ವೋಲ್ಟ್, ಸೆಲ್‌ಗೆ 3.65ರಂತೆ ತುಂಬಿಸಿದರೆ 87.6. ಹೆಸರಿಗೂ ತುಂಬಿದ ವೋಲ್ಟೇಜ್‌ಗೂ ನಡುವೆ ಇಷ್ಟು ಅಂತರ ಇದೆ ಅನ್ನೋದು ನೆನಪಿರಲಿ, ಅರ್ಧ ತೊಂದರೆ ಹುಟ್ಟೋದೇ ಅಲ್ಲಿ.

ಕೈ ಹಾಕುವ ಮುಂಚೆ

88 ವೋಲ್ಟ್ ಡಿಸಿ ತಮಾಷೆ ಅಲ್ಲ. 60 ವೋಲ್ಟ್ ದಾಟಿದ ಡಿಸಿಯನ್ನು ಅಪಾಯ ಅಂತಲೇ ಲೆಕ್ಕಕ್ಕೆ ಹಿಡಿಯುತ್ತಾರೆ. ಉಂಗುರ, ವಾಚು, ಕೈಕಡಗ ತೆಗೆದಿಡಿ. ಸ್ಪ್ಯಾನರ್‌ಗಳ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಯಾಕಂದ್ರೆ ಪ್ಲಸ್ಸಿಗೂ ಮೈನಸ್ಸಿಗೂ ಅಡ್ಡ ಬಿದ್ದ ಸ್ಪ್ಯಾನರ್ ಕಣ್ಣೆದುರೇ ಕರಗುತ್ತದೆ. ಕೀ ಆಫ್ ಮಾಡಿ ಕಾಂಟ್ಯಾಕ್ಟರ್ (ಬ್ಯಾಟರಿಯನ್ನು ಜೋಡಿಸಿ ಬಿಡಿಸುವ ದೊಡ್ಡ ಸ್ವಿಚ್) ಬಿಟ್ಟಮೇಲೂ ಕಂಟ್ರೋಲರ್ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಅದರ ಟರ್ಮಿನಲ್‌ಗಳ ಮೇಲೆ ಮೀಟರ್ ಇಟ್ಟು, ಇಳಿದಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೇ ಮುಟ್ಟಿ.

ಇನ್ನೊಂದು, ಮಾಮೂಲಿ ಬ್ರೇಕ್ ನೂರಕ್ಕೆ ನೂರು ಸರಿ ಇರಬೇಕು. ಎಂಜಿನ್ ತೆಗೆದಮೇಲೆ ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಕೊಡೋರು ಯಾರೂ ಇಲ್ಲ, ಎಲೆಕ್ಟ್ರಿಕ್ ಪಂಪೇ ಕೊಡಬೇಕು. ರೀಜನ್ ಕೈ ಕೊಟ್ಟಾಗ ನಿಮ್ಮ ಕಾಲು ಹೋಗೋದು ಆ ಪೆಡಲ್‌ಗೆ. ಪಂಪ್ ಕೆಲಸ ಮಾಡದೇ ಪೆಡಲ್ ಕಲ್ಲಿನಂತಿದ್ದರೆ ರೀಜನ್ ರಿಪೇರಿ ಆಮೇಲೆ, ಮೊದಲು ಅದನ್ನು ನೋಡಿ. ಪರೀಕ್ಷೆಗೆ ಚಾಮುಂಡಿ ಬೆಟ್ಟ ಹತ್ತಬೇಡಿ. ತಿರುವು, ಕೋತಿ, ಬೈಕು, ಮೆಟ್ಟಿಲ ಹತ್ತಿರ ರಸ್ತೆ ದಾಟುವ ಭಕ್ತರು, ಇಷ್ಟರ ನಡುವೆ ಮೀಟರ್ ನೋಡಲು ಆಗಲ್ಲ. ಸಪಾಟಾದ, ಓಡಾಟ ಕಡಿಮೆ ಇರುವ ರಸ್ತೆ ಸಾಕು. ಪಕ್ಕದಲ್ಲಿ ಒಬ್ಬರು ಕೂರಲೇಬೇಕು.

ನಿಮ್ಮ ಮೋಟರ್ ಯಾವುದು?

ಹಳೇ ಫೋರ್ಕ್‌ಲಿಫ್ಟ್‌ನಿಂದ ತಂದ ಸೀರೀಸ್ ಡಿಸಿ ಮೋಟರ್ ಆದರೆ ರೀಜನ್ ಹುಡುಕೋದನ್ನು ಬಿಟ್ಟುಬಿಡಿ. ಅದಕ್ಕೆ ಸಿಗುವ ಸಾಮಾನ್ಯ ಕಂಟ್ರೋಲರ್‌ಗಳಲ್ಲಿ ರೀಜನ್ ಇರೋದೇ ಇಲ್ಲ. ಬಲವಂತವಾಗಿ ಮಾಡಿಸಿದರೆ, ಮುಂದೆ ಓಡಲು ಹೊಂದಿಸಿಟ್ಟ ಬ್ರಶ್‌ಗಳು ಕಮ್ಯುಟೇಟರ್ ಮೇಲೆ ಕಿಡಿ ಕಾರುತ್ತವೆ.

ಇಂಡಕ್ಷನ್ ಮತ್ತು ಮ್ಯಾಗ್ನೆಟ್ ಇರುವ ಮೋಟರ್‌ಗಳು, ಅಂದ್ರೆ ಬಿಎಲ್‌ಡಿಸಿ, ಪಿಎಮ್‌ಎಸ್‌ಎಮ್, ಎರಡರಲ್ಲೂ ರೀಜನ್ ಚೆನ್ನಾಗಿ ಆಗುತ್ತದೆ. ವೇಗ ನಡಿಗೆಯಷ್ಟಕ್ಕೆ ಇಳಿದಾಗ ಹಿಡಿತ ಸಡಿಲವಾಗೋದು ಸಹಜ. ಅದನ್ನೇ ದೋಷ ಅಂದುಕೊಂಡು ತಲೆ ಕೆಡಿಸಿಕೊಳ್ಳೋರು ಇದ್ದಾರೆ, ಸುಮ್ನೆ.

ಯಾವಾಗ ಬಿಡುತ್ತೆ ಅನ್ನೋದೇ ಮೊದಲ ಪ್ರಶ್ನೆ

ಏನಾಗ್ತಿದೆ ಅಂತ ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡ್ತಾರೆ. ಯಾವಾಗ ಅಂತ ಕೇಳಿದರೆ ಉತ್ತರಗಳು ಬೇರೆ ಬೇರೆ ಆಗುತ್ತವೆ, ದೋಷವೂ ಬೇರೆ ಬೇರೆ.

ರಾತ್ರಿಯೆಲ್ಲ ಚಾರ್ಜ್ ಹಾಕಿ ಬೆಳಗ್ಗೆ ಹೊರಟಾಗ ಮೊದಲ ಒಂದೆರಡು ಸಿಗ್ನಲ್‌ಗಳಲ್ಲಿ ಮಾತ್ರ ಬಿಡುತ್ತದೆ, ಆಮೇಲೆ ದಿನವಿಡೀ ಸರಿ ಇರುತ್ತದೆ. ಇದು ಜಾಗ ಇಲ್ಲದ ಕೇಸು. ಎಲ್‌ಎಫ್‌ಪಿ ಪೂರ್ತಿ ತುಂಬಿದಾಗ ವೋಲ್ಟೇಜ್ ಗಬಕ್ಕನೆ ಮೇಲೇಳುತ್ತದೆ, ತುಸು ಕರೆಂಟ್ ವಾಪಸ್ ಬಂದರೂ ಯಾವುದೋ ಒಂದು ಸೆಲ್ 3.65 ದಾಟುತ್ತದೆ. ಮಂಡ್ಯದಂಥ ಸಪಾಟು ಊರಲ್ಲಿ ಜಾಸ್ತಿ ಕಾಣೋದು ಇದೇ. ಇದಕ್ಕೆ ರಿಪೇರಿ ಬೇಡ, ಸ್ವಲ್ಪ ಕಡಿಮೆ ತುಂಬಿಸಿ. ಚಾರ್ಜರ್ ಅನ್ನು ಸೆಲ್‌ಗೆ 3.45ರಂತೆ 82.8 ವೋಲ್ಟ್‌ಗೆ ನಿಲ್ಲಿಸಿದರೆ ಕಳೆದುಕೊಳ್ಳೋದು ಬಹಳ ಕಡಿಮೆ. ಸೆಲ್‌ಗಳನ್ನು ಸಮ ಮಾಡಲು ಯಾವಾಗಲಾದರೂ ಒಮ್ಮೆ ಪೂರ್ತಿ ತುಂಬಿಸಿ, ಆ ದಿನ ಮೊದಲ ಕೆಲವು ಕಿಲೋಮೀಟರ್ ಮೆತ್ತಗೆ ಓಡಿಸಿ.

ಕಾಲು ಪೂರ್ತಿ ತೆಗೆದ ಮರುಕ್ಷಣವೇ ಬಿಡುತ್ತದೆ, ಬ್ಯಾಟರಿ ತುಂಬಿರಲಿ ಅರ್ಧ ಇರಲಿ. ಮೆತ್ತಗೆ ಕಾಲು ಎತ್ತಿದರೆ ಬಿಡಲ್ಲ. ಇದು ಹೆಚ್ಚು ಕರೆಂಟ್ ಹರಿದಾಗ ಮಾತ್ರ ತಲೆ ಎತ್ತುವ ದೋಷ. ದಾರಿಯಲ್ಲಿ ಎಲ್ಲೋ ರೆಸಿಸ್ಟೆನ್ಸ್ ಇದೆ.

ಮೂರನೆಯದು ಬೆಟ್ಟ ಇಳಿಯುವಾಗ, ಸುಮಾರು ದೂರ ಸರಿಯಾಗಿ ಹಿಡಿದು ಆಮೇಲೆ ಬಿಡೋದು. ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಮೈಸೂರು ಸಮುದ್ರಮಟ್ಟದಿಂದ 770 ಮೀಟರ್ ಆಸುಪಾಸು, ಚಾಮುಂಡಿ ಬೆಟ್ಟದ ತುದಿ ಸಾವಿರ ಮೀಟರ್‌ಗಿಂತ ತುಸು ಮೇಲೆ. ಏರಿಳಿತ 250 ಮೀಟರ್ ಅಂತ ಹಿಡಿಯಿರಿ. ಜನ ಕೂತ ಗಾಡಿ 900 ಕೆಜಿ. ಬರೀ ಎತ್ತರಕ್ಕೇ 0.6 ಯೂನಿಟ್ ಬೇಕು, ಟೈರ್ ಎಳೆತ, ಮೋಟರ್ ನಷ್ಟ ಎಲ್ಲ ಸೇರಿ ಹತ್ತಲು ಹತ್ತಿರ ಹತ್ತಿರ 1 ಯೂನಿಟ್ ಖರ್ಚು. ಇಳಿಯುವಾಗ ವಾಪಸ್ ಬರೋದು ಅದರ ಮೂರನೇ ಒಂದು ಭಾಗ ಬಂದರೆ ದೊಡ್ಡದು. ಊರಲ್ಲಿ ಚಾರ್ಜ್ ಮಾಡಿ ಹತ್ತಿದ್ದರೆ ಇಳಿಯುವಾಗ ಬ್ಯಾಟರಿಯಲ್ಲಿ ಜಾಗ ಖಂಡಿತ ಇರುತ್ತದೆ ಅಲ್ವಾ? ಹಾಗಾಗಿ ಬೆಟ್ಟದಲ್ಲಿ ಬಿಟ್ಟರೆ ಬ್ಯಾಟರಿ ತುಂಬಿತ್ತು ಅನ್ನೋ ನೆಪ ನಡೆಯಲ್ಲ.

ಇನ್ನೂ ಒಂದು ವಿಷಯ ಇದೇ ಲೆಕ್ಕದಿಂದ ಹೊರಗೆ ಬರುತ್ತದೆ. ನೂರಕ್ಕೆ ಆರರ ಇಳಿಜಾರಿನಲ್ಲಿ 30 ಕಿಲೋಮೀಟರ್ ವೇಗವನ್ನು ಹಿಡಿದಿಡಲು ಬ್ಯಾಟರಿಗೆ ಹೋಗೋದು 30-40 ಆಂಪ್ ಮಾತ್ರ. ಅದೇ ಸಪಾಟು ರಸ್ತೆಯಲ್ಲಿ 50ರಲ್ಲಿ ಬರ್ತಾ ಸಿಗ್ನಲ್ ಕಂಡು ಗಟ್ಟಿಯಾಗಿ ರೀಜನ್ ಮಾಡಿದರೆ ಒಂದೆರಡು ಸೆಕೆಂಡ್ 120 ಆಂಪ್ ದಾಟುತ್ತದೆ. ಅಂದ್ರೆ ಬೆಟ್ಟದಲ್ಲಿ ಕರೆಂಟ್ ಕಡಿಮೆ, ಹೊತ್ತು ಜಾಸ್ತಿ. ಊರಲ್ಲಿ ಕರೆಂಟ್ ಜಾಸ್ತಿ, ಹೊತ್ತು ಕಡಿಮೆ. ಬೆಟ್ಟದಲ್ಲಿ ಮಾತ್ರ ಬಿಡುವ ಗಾಡಿಯಲ್ಲಿ ಬಿಸಿ ಹುಡುಕಿ: ಕಂಟ್ರೋಲರ್, ಮೋಟರ್, ಬಿಎಮ್‌ಎಸ್ (ಸೆಲ್‌ಗಳನ್ನು ಕಾಯುವ ಬೋರ್ಡ್), ಇವುಗಳಲ್ಲಿ ಯಾವುದೋ ಕಾದಿದೆ.

ಮಿನುಗುವ ದೀಪ ಓದಿ

ಕರ್ಟಿಸ್ 1238 ಥರದ ಕಂಟ್ರೋಲರ್ ಆದರೆ ಎರಡು ದೀಪ ಇರುತ್ತವೆ. ಕೆಂಪು ಒಂದು ಸಲ ಮಿನುಗಿದರೆ ಮುಂದೆ ಹಳದಿ ತೋರಿಸೋದು ಮೊದಲ ಅಂಕಿ. ಕೆಂಪು ಎರಡು ಸಲ ಮಿನುಗಿದರೆ ಹಳದಿ ತೋರಿಸೋದು ಎರಡನೇ ಅಂಕಿ. ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ನಿಧಾನವಾಗಿ ಎಣಿಸಿ. 24 ಬಂದರೆ ವೋಲ್ಟೇಜ್ ಮೇಲಕ್ಕೆ ಹೋಗಿ ರೀಜನ್ ಕಡಿಮೆ ಮಾಡಿದೆ, 18 ಬಂದರೆ ಅತಿಯಾಗಿ ಹೋಗಿ ಪೂರ್ತಿ ನಿಲ್ಲಿಸಿದೆ. 22 ಕಂಟ್ರೋಲರ್ ಬಿಸಿ, 28 ಮೋಟರ್ ಬಿಸಿ, 29 ಮೋಟರ್‌ನ ಬಿಸಿ ಅಳೆಯುವ ಸೆನ್ಸರ್ ದೋಷ, 36 ಎನ್‌ಕೋಡರ್, ಅಂದ್ರೆ ಮೋಟರ್ ತಿರುಗೋದನ್ನು ಅಳೆಯುವ ಸೆನ್ಸರ್. ಬೇರೆ ಕಂಪನಿಯದ್ದಾದರೆ ಅದರದ್ದೇ ಪಟ್ಟಿ ನೋಡಬೇಕು, ಒಂದರ ಕೋಡ್ ಇನ್ನೊಂದಕ್ಕೆ ಹೊಂದಲ್ಲ.

ದೀಪ ಇಲ್ಲದಿದ್ದರೂ ಒಂದು ಸುಳಿವು ಪುಕ್ಕಟೆ ಸಿಗುತ್ತದೆ. ರಾತ್ರಿ ಹೆಡ್‌ಲೈಟ್ ಹಾಕಿ ಓಡಿಸಿ. ರೀಜನ್ ಬಿಡುವ ಹೊತ್ತಿಗೇ ಹೆಡ್‌ಲೈಟ್ ಒಮ್ಮೆ ಮಂಕಾದರೆ ಅದಕ್ಕೆ 12 ವೋಲ್ಟ್ ಇಳಿಸಿ ಕೊಡುವ ಡಿಸಿ-ಡಿಸಿ ಕನ್ವರ್ಟರ್ ಕೂಡ ವೋಲ್ಟೇಜ್ ತಡೆಯಲಾರದೆ ಟ್ರಿಪ್ ಆಗಿದೆ ಅಂತ ಅರ್ಥ. 72 ವೋಲ್ಟ್ ಅಂತ ಬರೆದ ಕನ್ವರ್ಟರ್‌ಗಳ ಮೇಲಿನ ಮಿತಿ ಒಂದೊಂದರಲ್ಲಿ ಒಂದೊಂದು ಥರ, ಕೊಳ್ಳುವ ಮುಂಚೆಯೇ ಆ ಅಂಕಿ ನೋಡಿಕೊಳ್ಳಿ.

ಎರಡು ಮೀಟರ್, ಒಂದು ವಿಡಿಯೋ

ಈಗ ಮುಖ್ಯ ಪರೀಕ್ಷೆ. ಒಂದು ಮಲ್ಟಿಮೀಟರ್ ಬ್ಯಾಟರಿ ಪ್ಯಾಕ್‌ನ ಎರಡು ತುದಿಗೆ, ಇನ್ನೊಂದು ಕಂಟ್ರೋಲರ್‌ನ ಪ್ಲಸ್ ಮೈನಸ್ ಬೋಲ್ಟ್‌ಗಳಿಗೆ. ವೈರುಗಳಲ್ಲಿ ಸಣ್ಣ ಫ್ಯೂಸ್ ಇರಲಿ, ಬಾನೆಟ್ ಅಂಚಿಗೆ ತಾಗಿ ಕತ್ತರಿಸದಂತೆ ಟೇಪ್ ಹಾಕಿ ಒಳಗೆ ತನ್ನಿ. ಕರೆಂಟ್ ನೋಡಲು ಕ್ಲ್ಯಾಂಪ್ ಮೀಟರ್ ಬೇಕು, ಆದರೆ ಎಲೆಕ್ಟ್ರಿಷಿಯನ್‌ಗಳ ಹತ್ತಿರ ಇರುವ ಬಹುಪಾಲು ಕ್ಲ್ಯಾಂಪ್‌ಗಳು ಎಸಿ ಕರೆಂಟ್ ಮಾತ್ರ ತೋರಿಸುತ್ತವೆ. ಡಿಸಿ ಆಂಪ್ ಅಂತ ಬರೆದಿದೆಯಾ ನೋಡಿ ತನ್ನಿ. ಎಲ್ಲ ಮೀಟರ್‌ಗಳನ್ನು ಒಂದೇ ಕಡೆ ಜೋಡಿಸಿಟ್ಟು ಪಕ್ಕದವರು ವಿಡಿಯೋ ಮಾಡಲಿ. ನೀವು ರಸ್ತೆ ನೋಡಿ.

ಸಾಮಾನ್ಯ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಳೆಯುತ್ತದೆ, ಚಿಕ್ಕ ಏರಿಕೆ ತಪ್ಪಿಹೋಗಬಹುದು. ಕಂಟ್ರೋಲರ್‌ಗೆ ಲ್ಯಾಪ್‌ಟಾಪ್ ಹಚ್ಚಿ ಲಾಗ್ ತೆಗೆಯಲು ಆದರೆ ಇನ್ನೂ ಒಳ್ಳೆಯದು.

ಜೆನ್‌ನಲ್ಲಿ 120 ಆಂಪ್ ವಾಪಸ್ ಹರಿಯುವಾಗ ಪ್ಯಾಕ್ ತುದಿಯಲ್ಲಿ 83.9 ವೋಲ್ಟ್, ಕಂಟ್ರೋಲರ್ ಬೋಲ್ಟ್‌ನಲ್ಲಿ 88.1. ಪ್ಯಾಕ್ ಇನ್ನೂ ಆರಾಮಾಗಿದೆ, ಕಂಟ್ರೋಲರ್‌ಗೆ ಮಾತ್ರ ಮಿತಿ ದಾಟಿದೆ. ನಡುವೆ 4.2 ವೋಲ್ಟ್ ಕಾಣೆ. ಭಾಗಿಸಿದರೆ 35 ಮಿಲಿಓಮ್. 35 ಚದರ ಮಿಲಿಮೀಟರ್‌ನ ತಾಮ್ರದ ಕೇಬಲ್ ಮೀಟರಿಗೆ ಸುಮಾರು ಅರ್ಧ ಮಿಲಿಓಮ್. ಹೋಗಿ ಬರುವ ಕೇಬಲ್, ಫ್ಯೂಸ್, ಕಾಂಟ್ಯಾಕ್ಟರ್ ಎಲ್ಲ ಸೇರಿದರೂ ಮೂರು ದಾಟಬಾರದು, ಅಂದ್ರೆ ಅಂತರ ಅರ್ಧ ವೋಲ್ಟ್‌ಗಿಂತ ಕೆಳಗೇ ಇರಬೇಕು. ಉಳಿದದ್ದೆಲ್ಲ ಯಾವುದೋ ಒಂದು ಕೆಟ್ಟ ಜಾಯಿಂಟ್. 120 ಆಂಪ್‌ಗೆ ಅಲ್ಲಿ 500 ವ್ಯಾಟ್ ಬಿಸಿ ಹುಟ್ಟುತ್ತಿದೆ.

ಇಲ್ಲಿ ಸ್ವಲ್ಪ ನಿಲ್ಲಿ. ಇದೇ ಜಾಯಿಂಟ್ ಗಾಡಿ ಎಳೆಯುವಾಗಲೂ ಇರುತ್ತದೆ, ಆದರೆ ಉಲ್ಟಾ ಮುಖದಲ್ಲಿ. 200 ಆಂಪ್ ಎಳೆದರೆ 7 ವೋಲ್ಟ್ ಕಳೆದುಹೋಗುತ್ತದೆ. ಪ್ಯಾಕ್‌ನಲ್ಲಿ 74 ಇದ್ದರೆ ಕಂಟ್ರೋಲರ್‌ಗೆ ಸಿಗೋದು 67. ಪಿಕಪ್ ಹೋಗುತ್ತದೆ. ಗೆಳೆಯ ತಿಂಗಳುಗಟ್ಟಲೆ "ಬ್ಯಾಟರಿ ಯಾಕೋ ವೀಕ್ ಆಯ್ತು ಕಣೋ, ಮೇಲ್ಸೇತುವೆ ಹತ್ತೋಕೆ ಒದ್ದಾಡ್ತದೆ" ಅಂತಿದ್ದ. ರೀಜನ್ ಬಿಡೋದನ್ನು ಬೇರೆ ಕಾಯಿಲೆ ಅಂದುಕೊಂಡಿದ್ದ. ಒಂದು ಕಡೆ ಬ್ಯಾಟರಿ ವೀಕ್, ಇನ್ನೊಂದು ಕಡೆ ಕಂಟ್ರೋಲರ್ ಹೋಯ್ತು ಅಂತ ಎರಡಕ್ಕೂ ರೇಟ್ ವಿಚಾರಿಸುತ್ತಿದ್ದ. ಎಳೆಯುವಾಗ ವೋಲ್ಟೇಜ್ ಕಡಿಮೆ, ಹಿಡಿಯುವಾಗ ವೋಲ್ಟೇಜ್ ಜಾಸ್ತಿ, ಈ ಎರಡೂ ಒಂದೇ ಗಾಡಿಯಲ್ಲಿ ಕಂಡರೆ ಎರಡು ದೋಷ ಹುಡುಕಬೇಡಿ.

ಜಾಯಿಂಟ್ ಯಾವುದು ಅಂತ ಹಿಡಿಯಲು ಮೀಟರನ್ನು ಮಿಲಿವೋಲ್ಟ್‌ಗೆ ಹಾಕಿ, ಒಂದು ಕಡ್ಡಿ ಕೇಬಲ್ ತಾಮ್ರಕ್ಕೆ, ಇನ್ನೊಂದು ಲಗ್ (ಕೇಬಲ್ ತುದಿಗೆ ಒತ್ತಿ ಹಾಕುವ ತೂತಿನ ಲೋಹದ ತುಂಡು) ಕೂತಿರುವ ಬೋಲ್ಟ್‌ಗೆ. ಒಂದೊಂದು ಸಲ ಓಡಿಸಿದಾಗ ಒಂದೊಂದು ಜಾಯಿಂಟ್ ನೋಡಿ. ಒಳ್ಳೇ ಜಾಯಿಂಟ್ 100 ಆಂಪ್‌ಗೆ 10-20 ಮಿಲಿವೋಲ್ಟ್ ದಾಟಲ್ಲ. ಕೆಟ್ಟದ್ದು ನೂರುಗಟ್ಟಲೆ ತೋರಿಸುತ್ತದೆ. ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಇದ್ದರೆ ಗಾಡಿ ನಿಲ್ಲಿಸಿದ ಕೂಡಲೇ ಎಲ್ಲ ಲಗ್‌ಗಳಿಗೂ ಗುರಿ ಹಿಡಿಯಿರಿ, ಆದರೆ ಹೊಳೆಯುವ ತಾಮ್ರದ ಮೇಲೆ ಅದು ಸುಳ್ಳು ಹೇಳುತ್ತದೆ. ಲಗ್ ಮೇಲೆ ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ.

ಜೆನ್‌ನಲ್ಲಿ ಸಿಕ್ಕಿದ್ದು ಮುಖ್ಯ ಫ್ಯೂಸ್‌ನ ಕಂಟ್ರೋಲರ್ ಕಡೆಯ ಲಗ್. ಹೊರಗಿನಿಂದ ನೋಡಿದರೆ ಗಟ್ಟಿಯಾಗೇ ಇತ್ತು, ಎಳೆದರೂ ಅಲುಗಲ್ಲ. ಕೆಂಪು ಹೀಟ್‌ಶ್ರಿಂಕ್ ಬೋಲ್ಟ್ ಹತ್ತಿರ ಮಾತ್ರ ಕಂದು ಬಣ್ಣಕ್ಕೆ ತಿರುಗಿ ಸಣ್ಣಗೆ ಸೀಳಿತ್ತು. ಕೊಯ್ದು ನೋಡಿದರೆ ಅಲ್ಯೂಮಿನಿಯಂ ಲಗ್‌ಗೆ ತಾಮ್ರದ ವೆಲ್ಡಿಂಗ್ ಕೇಬಲ್ ತುರುಕಿ, ವೈಸ್‌ನಲ್ಲಿ ಅಮುಕಿದ್ದರು. ಲಗ್‌ನ ತೂತು ಕೇಬಲ್‌ಗಿಂತ ದೊಡ್ಡದು, ಖಾಲಿ ಜಾಗ ತುಂಬಲು ತಂತಿಯನ್ನು ಮಡಚಿ ಹಾಕಿದ್ದರು. ಎಳೆಗಳು ಕಪ್ಪಗೆ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಮೇಲಿಂದ ಲಗ್‌ಗೂ ಫ್ಯೂಸ್‌ನ ಪಟ್ಟಿಗೂ ನಡುವೆ ಒಂದು ಸ್ಟೀಲ್ ವಾಷರ್. ಇದನ್ನು ಎಷ್ಟು ಗಾಡಿಗಳಲ್ಲಿ ನೋಡಿದರೂ ನನಗೆ ಸಿಟ್ಟು ಬರುತ್ತದೆ. ಲಗ್ ನೇರವಾಗಿ ಪಟ್ಟಿಗೆ ತಾಗಬೇಕು, ವಾಷರ್ ಅದರ ಮೇಲೆ, ನಟ್ ಕೊನೆಗೆ. ಕರೆಂಟ್ ವಾಷರ್ ದಾಟಿ ಹೋಗುವ ಹಾಗೆ ಇರಲೇಬಾರದು.

ತವರ ಲೇಪಿಸಿದ ತಾಮ್ರದ ಲಗ್ ತನ್ನಿ, ಕೇಬಲ್ ಅಳತೆಗೆ ಸರಿಯಾದದ್ದು. ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್‌ನಲ್ಲಿ ಒತ್ತಿಸಿ. ಟೂಲ್ ಕೊಳ್ಳಬೇಕಾಗಿಲ್ಲ, ಪ್ಯಾನೆಲ್ ಬೋರ್ಡ್ ಮಾಡುವವರ ಹತ್ತಿರ ಇರುತ್ತದೆ, ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಕಡೆ ಕೇಳಿ ನೋಡಿ. ಬರೀ ಬೆಸುಗೆ ಹಾಕಿ ಬಿಡಬೇಡಿ. ಆ ಜಾಯಿಂಟ್ ಬಿಸಿಯಾದರೆ ಸೀಸ ಮೆತ್ತಗಾಗಿ ಕೇಬಲ್ ಹೊರಗೆ ಬರುತ್ತದೆ. ಸೆಲ್‌ಗಳ ತಲೆ ಅಲ್ಯೂಮಿನಿಯಂ ಆಗಿದ್ದರೆ ಬಸ್‌ಬಾರ್ (ಸೆಲ್‌ನಿಂದ ಸೆಲ್‌ಗೆ ಹಾಕುವ ಲೋಹದ ಪಟ್ಟಿ) ಕೂರಿಸುವ ಮೊದಲು ತಿಕ್ಕಿ ಹೊಳಪು ತನ್ನಿ. ಸೆಲ್ ಕಂಪನಿ ಹೇಳಿದಷ್ಟೇ ಬಿಗಿ ಮಾಡಿ, ಜಾಸ್ತಿ ತಿರುಗಿಸಿದರೆ ಮರೆ (ಥ್ರೆಡ್) ಕಿತ್ತುಬರುತ್ತದೆ.

ಎರಡು ಮೀಟರೂ ಒಟ್ಟಿಗೇ ಏರಿದರೆ

ಆಗ ಕೇಬಲ್ ನಿರ್ದೋಷಿ, ಪ್ಯಾಕ್ ಒಳಗೆ ಹೋಗಬೇಕು. ಬಿಎಮ್‌ಎಸ್‌ನ ಮೊಬೈಲ್ ಆ್ಯಪ್ ತೆರೆದು ರೀಜನ್ ಆಗುವಾಗ ಸೆಲ್ ವೋಲ್ಟೇಜ್‌ಗಳನ್ನು ನೋಡಿ. 23 ಸೆಲ್‌ಗಳು 3.45ರಲ್ಲಿ ಇದ್ದು ಒಂದು ಮಾತ್ರ 3.7ಕ್ಕೆ ಹಾರಿದರೆ ಕಳ್ಳ ಸಿಕ್ಕ. ಆ ಸೆಲ್ ನಿಂತಾಗ ಉಳಿದವರ ಜೊತೆಯೇ ಇದ್ದು, ಎಳೆಯುವಾಗ ಎಲ್ಲರಿಗಿಂತ ಕೆಳಗೆ, ಹಿಡಿಯುವಾಗ ಎಲ್ಲರಿಗಿಂತ ಮೇಲೆ ಹೋದರೆ ರೆಸಿಸ್ಟೆನ್ಸ್ ದೋಷ: ಬಸ್‌ಬಾರ್ ಸಡಿಲ, ಇಲ್ಲಾ ಸೆಲ್ಲೇ ಮುದಿಯಾಗಿದೆ. ಬಸ್‌ಬಾರ್ ಮೊದಲು ನೋಡಿ, ಅದು ಅಗ್ಗ. ಚಾರ್ಜ್ ಮುಗಿದು ನಿಂತಾಗಲೂ ಅದೊಂದೇ ಮೇಲಿದ್ದರೆ ಬ್ಯಾಲೆನ್ಸ್ ತಪ್ಪಿದೆ.

ಕೇಬಲ್ ಜಾಯಿಂಟ್‌ಗಳು ಸರಿ ಇವೆ, ಸೆಲ್‌ಗಳೂ ಸರಿ ಇವೆ, ಆದರೂ ಬಿಡುತ್ತದೆ ಅಂದರೆ ಬಿಎಮ್‌ಎಸ್ ಹಾದಿಯನ್ನೇ ಮುಚ್ಚುತ್ತಿರಬಹುದು. ಚಾರ್ಜಿಗೂ ಡಿಸ್ಚಾರ್ಜಿಗೂ ಒಂದೇ ತಂತಿ ಇರುವ ಕಾಮನ್ ಪೋರ್ಟ್ ಬಿಎಮ್‌ಎಸ್‌ನಲ್ಲಿ ಎರಡು ಗೇಟು ಇರುತ್ತವೆ. ಚಾರ್ಜ್ ಗೇಟು ಮುಚ್ಚಿದ್ದರೂ ಎಳೆಯುವ ಕರೆಂಟ್ ಅದರ ಡಯೋಡ್ ದಾಟಿ ಹೋಗುತ್ತದೆ, ವಾಪಸ್ ಬರಲು ಮಾತ್ರ ಆಗಲ್ಲ. ಹಾಗಾಗಿ ಗಾಡಿ ಚೆನ್ನಾಗಿ ಓಡುತ್ತದೆ, ರೀಜನ್ ಮಾಡಿದ ಕೂಡಲೇ ಕಂಟ್ರೋಲರ್ ವೋಲ್ಟೇಜ್ ಚಿಮ್ಮುತ್ತದೆ. ಇದು ಎಲ್ಲಕ್ಕಿಂತ ಅಪಾಯ, ಕಂಟ್ರೋಲರ್ ನಿಜವಾಗಿ ಸಾಯೋದು ಇಲ್ಲೇ.

ಚಾರ್ಜ್ ಗೇಟು ಯಾಕೆ ಮುಚ್ಚಿತು? ಒಂದು, ಬಿಎಮ್‌ಎಸ್‌ನ ಚಾರ್ಜ್ ಕರೆಂಟ್ ಮಿತಿ. ಡಿಸ್ಚಾರ್ಜ್ 200 ಆಂಪ್ ಅಂತ ದೊಡ್ಡದಾಗಿ ಬರೆದ ಬೋರ್ಡ್‌ನಲ್ಲಿ ಚಾರ್ಜ್ ಮಿತಿ ಅದರ ಅರ್ಧವೂ ಇಲ್ಲದೇ ಇರಬಹುದು. ಎರಡು, ಬಿಸಿ ಅಳೆಯುವ ಸೆನ್ಸರ್. ಲಿಥಿಯಂ ಸೆಲ್‌ಗಳನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು ಅಂತ ಬಿಎಮ್‌ಎಸ್‌ಗೆ ಗೊತ್ತು. ಸೆನ್ಸರ್ ತಂತಿ ತುಂಡಾದರೆ ಅದಕ್ಕೆ ವಿಪರೀತ ಚಳಿ ಅಂತ ಕಾಣುತ್ತದೆ. ಆ್ಯಪ್‌ನಲ್ಲಿ ಮೈನಸ್ 40 ಅಂತ ತೋರಿಸುತ್ತಿದ್ದರೆ, ಮೈಸೂರಿನ ಏಪ್ರಿಲ್‌ನಲ್ಲಿ ಅದು ಹವಾಮಾನ ಅಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಎಷ್ಟೋ ಜನ ಈ ಅಂಕಿಯನ್ನು ನೋಡ್ತಾರೆ, ಓದಲ್ಲ.

ಚಾರ್ಜಿಗೆ ಬೇರೆ ತಂತಿ ಇರುವ ಸೆಪರೇಟ್ ಪೋರ್ಟ್ ಬೋರ್ಡ್‌ನಲ್ಲಿ ಕಥೆ ಉಲ್ಟಾ. ರೀಜನ್ ಕರೆಂಟ್ ಡಿಸ್ಚಾರ್ಜ್ ದಾರಿಯಿಂದ ನುಗ್ಗುತ್ತದೆ, ಚಾರ್ಜ್ ಗೇಟಿಗೆ ಅದು ಕಾಣೋದೇ ಇಲ್ಲ. ಟ್ರಿಪ್ ಆಗಲ್ಲ ಅಂತ ಖುಷಿಪಡಬೇಡಿ, ಸೆಲ್‌ಗಳು ಮಿತಿ ಮೀರಿ ತುಂಬುತ್ತಿರಬಹುದು.

ಬಿಎಮ್‌ಎಸ್ ನೇರವಾಗಿ ಮುಖ್ಯ ಕಾಂಟ್ಯಾಕ್ಟರ್ ಬಿಡಿಸುವ ಹಾಗೆ ವೈರಿಂಗ್ ಇದ್ದರೆ ಬದಲಿಸಿ. ಮೊದಲು ಕಂಟ್ರೋಲರ್‌ಗೆ ರೀಜನ್ ನಿಲ್ಲಿಸು ಅನ್ನುವ ಸಿಗ್ನಲ್ ಹೋಗಬೇಕು, ಕಾಂಟ್ಯಾಕ್ಟರ್ ಬಿಡೋದು ಕೊನೆಯ ಉಪಾಯ. ಕೆಲವು ಕಾಂಟ್ಯಾಕ್ಟರ್‌ಗಳ ಮೇಲೆ ಪ್ಲಸ್ ಮೈನಸ್ ಗುರುತು ಇರುತ್ತದೆ. ಅವು ಒಂದು ದಿಕ್ಕಿನ ಕರೆಂಟನ್ನು ಮಾತ್ರ ಚೆನ್ನಾಗಿ ಕತ್ತರಿಸುತ್ತವೆ, ರೀಜನ್ ಮಧ್ಯೆ ಬಿಟ್ಟರೆ ಒಳಗೆ ಕಿಡಿ ಎದ್ದು ಅವುಗಳ ಕಾಂಟ್ಯಾಕ್ಟ್‌ಗಳ ಮುಖ ಸುಡುತ್ತದೆ.

ರೀಜನ್ ಶುರುವೇ ಆಗಲ್ಲ ಅಂದರೆ

ಇದು ಬೇರೆ ದಾರಿ, ಮತ್ತು ಸುಲಭದ್ದು. ಆಕ್ಸಿಲರೇಟರ್ ಪೂರ್ತಿ ವಾಪಸ್ ಬರ್ತಿದೆಯಾ ನೋಡಿ. ಹಾಲ್ ಸೆನ್ಸರ್ (ಮ್ಯಾಗ್ನೆಟ್‌ನಿಂದ ಸ್ಥಾನ ಅಳೆಯುವ ಸೆನ್ಸರ್) ಇರುವ ಪೆಡಲ್ ಆದರೆ ಕಾಲು ತೆಗೆದಾಗ ಅದರ ಸಿಗ್ನಲ್ 0.8 ವೋಲ್ಟ್ ಆಸುಪಾಸಿಗೆ ಇಳಿಯಬೇಕು. ಸ್ಪ್ರಿಂಗ್ ಸೋತು, ಇಲ್ಲಾ ಮ್ಯಾಟ್ ಅಡ್ಡ ಬಂದು 1.2ರಲ್ಲಿ ನಿಂತರೆ ಕಂಟ್ರೋಲರ್‌ಗೆ ನೀವಿನ್ನೂ ಒತ್ತುತ್ತಿದ್ದೀರಿ ಅಂತಲೇ ಅನಿಸುತ್ತದೆ.

ಬ್ರೇಕ್ ಪೆಡಲ್‌ನಿಂದ ರೀಜನ್ ಬರಬೇಕು ಅಂತ ಮಾಡಿದ್ದರೆ ಸ್ವಿಚ್ ವೈರಿಂಗ್ ನೋಡಿ. ಕಾರಿನ ಬ್ರೇಕ್ ಲೈಟ್ ತಂತಿ ಒತ್ತಿದಾಗ 12 ವೋಲ್ಟ್ ಕೊಡುತ್ತದೆ. ಎಷ್ಟೋ ಕಂಟ್ರೋಲರ್‌ಗಳ ಬ್ರೇಕ್ ಇನ್‌ಪುಟ್‌ಗೆ ಬೇಕಿರೋದು ಗ್ರೌಂಡ್. ನಡುವೆ ಒಂದು ಚಿಕ್ಕ ರಿಲೇ ಹಾಕಿ. ಹಾಗೇ ರೀಜನ್ ಗಟ್ಟಿಯಾಗಿ ಹಿಡಿಯುವಾಗ ಬ್ರೇಕ್ ಲೈಟ್ ಉರಿಯುವಂತೆಯೂ ಮಾಡಿ, ಹಿಂದೆ ಬರುವ ಬಸ್ಸಿನವರಿಗೆ ನಿಮ್ಮ ಮೋಟರ್ ವಿಚಾರ ಏನು ಗೊತ್ತು.

ಹಿಡಿಯುವಾಗ ನಡುಕ, ಕೊರ ಕೊರ ಸದ್ದು ಇದ್ದರೆ ಎನ್‌ಕೋಡರ್ ಅಥವಾ ಹಾಲ್ ಸೆನ್ಸರ್ ಕಡೆ ಹೋಗಿ. ಹಾಲ್ ಆದರೆ 5 ವೋಲ್ಟ್ ಕೊಟ್ಟು ಶಾಫ್ಟ್ ಕೈಯಲ್ಲಿ ತಿರುಗಿಸಿ. ಮೂರೂ ತಂತಿ ಮೇಲೆ ಕೆಳಗೆ ಆಗಬೇಕು. 120 ಡಿಗ್ರಿ ಜೋಡಣೆಯಲ್ಲಿ ಮೂರೂ ಒಟ್ಟಿಗೆ ಮೇಲೆ ಅಥವಾ ಮೂರೂ ಒಟ್ಟಿಗೆ ಕೆಳಗೆ ಬಂದರೆ ಒಂದು ಸತ್ತಿದೆ. ಸೆನ್ಸರ್ ತಂತಿಗಳು ಮೋಟರ್‌ನ ದಪ್ಪ ಕೇಬಲ್‌ಗಳ ಜೊತೆ ಒಂದೇ ಕಟ್ಟಿನಲ್ಲಿ ಬಂದಿದ್ದರೆ ಬೇರೆ ಮಾಡಿ. ಇನ್ಸುಲೇಷನ್ ನೋಡಲು ಮೆಗ್ಗರ್ ಹಾಕುವವರಿದ್ದರೆ ಮೋಟರ್‌ನ ಮೂರೂ ತಂತಿಗಳನ್ನು ಕಂಟ್ರೋಲರ್‌ನಿಂದ ಬಿಚ್ಚಿದ ಮೇಲೇ ಹಾಕಿ. ಬಿಚ್ಚದೆ 500 ವೋಲ್ಟ್ ಬಿಟ್ಟರೆ ಇಲ್ಲದ ದೋಷ ಬರುತ್ತದೆ.

ಬೆಟ್ಟದ ಬಿಸಿ

ಕಂಟ್ರೋಲರ್ ಕೆಳಗೆ ದಪ್ಪ ಅಲ್ಯೂಮಿನಿಯಂ ಪ್ಲೇಟ್ ಇದೆಯಾ, ನಡುವೆ ಥರ್ಮಲ್ ಪೇಸ್ಟ್ ಇದೆಯಾ, ಗಾಳಿ ತಾಗುತ್ತದಾ? ಹಳೇ ರೇಡಿಯೇಟರ್ ಜಾಗಕ್ಕೆ ಅಂದದ ಶೀಟ್ ಹೊಡೆದು ಮುಚ್ಚಿದವರ ಗಾಡಿಯಲ್ಲಿ ಗಾಳಿ ಎಲ್ಲಿಂದ ಬರಬೇಕು? ಬೆಟ್ಟ ಹತ್ತುವಾಗಲೇ ಎಲ್ಲ ಕಾದಿರುತ್ತದೆ. ಮೇಲೆ ದರ್ಶನ ಮುಗಿಸಿ ಬರುವಷ್ಟರಲ್ಲಿ ತಣಿಯುತ್ತದೆ ಅಂದುಕೊಳ್ಳಬೇಡಿ, ಬಾನೆಟ್ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದರೆ ಒಳಗಿನ ಬಿಸಿ ಒಳಗೇ ಉಳಿಯುತ್ತದೆ. ಆಷಾಢ ಶುಕ್ರವಾರಗಳಲ್ಲಂತೂ ಖಾಸಗಿ ವಾಹನ ಮೇಲೆ ಬಿಡಲ್ಲ, ಅವತ್ತಿಗೆ ಈ ಚಿಂತೆ ಇಲ್ಲ.

ಮ್ಯಾಗ್ನೆಟ್ ಇರುವ ಮೋಟರ್‌ನವರಿಗೆ ಒಂದು ಎಚ್ಚರಿಕೆ. ಇಳಿಜಾರಿನಲ್ಲಿ ಕಡಿಮೆ ಗೇರ್‌ನಲ್ಲಿ ವೇಗ ಮೀರಿ ಬಿಟ್ಟರೆ ಮೋಟರ್ ಹುಟ್ಟಿಸುವ ವೋಲ್ಟೇಜ್ ಪ್ಯಾಕ್‌ಗಿಂತ ಜಾಸ್ತಿ ಆಗುತ್ತದೆ, ಆಗ ಕಂಟ್ರೋಲರ್ ಬೇಡ ಅಂದರೂ ಡಯೋಡ್‌ಗಳ ಮೂಲಕ ಕರೆಂಟ್ ನುಗ್ಗುತ್ತದೆ. ಅಂಥ ಹೊತ್ತಲ್ಲಿ ಕೀ ಆಫ್ ಮಾಡಿದರೆ ಕಾಂಟ್ಯಾಕ್ಟರ್ ಬಿಟ್ಟು, ಅಷ್ಟೂ ವೋಲ್ಟೇಜ್ ಕಂಟ್ರೋಲರ್ ತಲೆ ಮೇಲೆ ಬೀಳುತ್ತದೆ. ಗಾಡಿ ಕೆಟ್ಟು ಟೋ ಮಾಡಿಸುವಾಗಲೂ ನ್ಯೂಟ್ರಲ್‌ನಲ್ಲೇ ಇರಲಿ.

ಟಕ್ ಅನ್ನುವ ಸದ್ದು

ಎಳೆತದಿಂದ ಹಿಡಿತಕ್ಕೆ ಹೋಗುವಾಗ ಟಕ್ ಅಂತ ಬಡಿದರೆ ಅದು ಕರೆಂಟ್ ದೋಷ ಅಲ್ಲ. ರೀಜನ್‌ನಲ್ಲಿ ತಿರುಚುವ ಬಲದ ದಿಕ್ಕು ಬದಲಾಗುತ್ತದೆ, ಸಡಿಲ ಇರೋದೆಲ್ಲ ಆಗ ಬಡಿಯುತ್ತದೆ. ಗಾಡಿ ಗೇರ್‌ನಲ್ಲಿಟ್ಟು, ಕೀ ತೆಗೆದು, ಮುಂದಿನ ಒಂದು ಚಕ್ರ ಜ್ಯಾಕ್ ಮೇಲೆ ಎತ್ತಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಎತ್ತಿದ ಚಕ್ರವನ್ನು ಕೈಯಲ್ಲಿ ಆ ಕಡೆ ಈ ಕಡೆ ಅಲ್ಲಾಡಿಸಿ. ಇನ್ನೊಬ್ಬರು ಮೋಟರ್ ಮತ್ತು ಗೇರ್‌ಬಾಕ್ಸ್ ನಡುವಿನ ಕಪ್ಲಿಂಗ್ ನೋಡಲಿ. ಗೇರ್‌ಬಾಕ್ಸ್ ಕಡೆ ಅಲುಗಿ ಮೋಟರ್ ಕಡೆ ಅಲುಗದಿದ್ದರೆ ಕೀವೇ, ಅಂದ್ರೆ ಕಪ್ಲಿಂಗ್ ಶಾಫ್ಟ್ ಮೇಲೆ ಜಾರದಂತೆ ಹಿಡಿಯುವ ಲೋಹದ ಕೀ ಕೂರುವ ಸೀಳು, ತಿಂದುಹೋಗಿದೆ. ಲೇತ್‌ನಲ್ಲಿ ಹೊಸ ಕೀ ಮಾಡಿಸುವಾಗ ತಿಂದುಹೋದ ಕೀವೇಯನ್ನೂ ಸರಿಮಾಡಿಸಿ, ಬರೀ ದಪ್ಪ ಕೀ ಬಡಿದು ಕೂರಿಸಿದರೆ ಮತ್ತೆ ಅಲ್ಲೇ ಬರುತ್ತೀರಿ. ಮೋಟರ್ ಮೌಂಟ್ ರಬ್ಬರ್ ಕೂಡ ನೋಡಿ.

ಸರಿಯಾದ ಮೇಲೆ ಸೆಟ್ಟಿಂಗ್

ಓವರ್‌ವೋಲ್ಟೇಜ್ ಮಿತಿಯನ್ನು ಸಾಫ್ಟ್‌ವೇರ್‌ನಲ್ಲಿ ಏರಿಸಿ ಟ್ರಿಪ್ ನಿಲ್ಲಿಸುವವರಿದ್ದಾರೆ. ನಾನು ಅದನ್ನು ರಿಪೇರಿ ಅನ್ನಲ್ಲ. ಆ ಅಂಕಿ ಮುಟ್ಟಬೇಡಿ, ಬ್ಯಾಟರಿಗೆ ವಾಪಸ್ ಹೋಗುವ ಕರೆಂಟ್‌ನ ಮಿತಿಯನ್ನು ಇಳಿಸಿ. ಸೆಲ್ ಮತ್ತು ಬಿಎಮ್‌ಎಸ್ ಇವೆರಡರಲ್ಲಿ ಯಾರ ಚಾರ್ಜ್ ಮಿತಿ ಚಿಕ್ಕದೋ ಅದಕ್ಕಿಂತ ಕೆಳಗಿರಲಿ. ಜೆನ್‌ಗೆ ಲಗ್ ಬದಲಿಸಿದ ಮೇಲೆ 60 ಆಂಪ್‌ಗೆ ನಿಲ್ಲಿಸಿದೆವು. ಹಿಡಿತ ಒಮ್ಮೆಲೇ ಬರದೆ ಏರುತ್ತಾ ಬರುವಂತೆ ಇಟ್ಟರೆ ಕಪ್ಲಿಂಗ್‌ಗೂ ಒಳ್ಳೆಯದು, ಮಳೆಯಲ್ಲಿ ಟೈರ್‌ಗೂ ಒಳ್ಳೆಯದು. ಓಮ್ನಿಯಂಥ ಹಿಂದಿನ ಚಕ್ರ ತಿರುಗುವ ಗಾಡಿಯಲ್ಲಿ ಇನ್ನೂ ಮೆತ್ತಗಿಡಿ, ಒದ್ದೆ ರಸ್ತೆಯಲ್ಲಿ ಹಿಂಬದಿ ಜಾರಿದರೆ ಗಾಡಿ ತಿರುಗಿ ನಿಲ್ಲುತ್ತದೆ.

ಬದಲಿಸಿದ ಲಗ್‌ಗಳನ್ನು ಕೆಲವು ವಾರ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ, ಅದೇ ಎರಡು ಮೀಟರ್ ಹಚ್ಚಿ ಅಂತರ ಅಳೆಯಿರಿ. ಅರ್ಧ ವೋಲ್ಟ್ ಒಳಗೆ ಇದ್ದರೆ ಆ ಅಂಕಿಯನ್ನು ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗೆ ಮಾರ್ಕರ್‌ನಲ್ಲಿ ತಾರೀಕಿನ ಜೊತೆ ಬರೆದಿಡಿ.